ಸೂಜಿಯಿಲ್ಲದ ಇನ್ಸುಲಿನ್ ಮತ್ತು ನಮ್ಮ ಮನೆಯ ಬೆಕ್ಕು

ನಮ್ಮ ಮನೆಯ ಬೆಕ್ಕು ಚುಕ್ಕಿಗೆ ಸಕ್ಕರೆ ಕಾಯಿಲೆ ಎಂದು ವೈದ್ಯರು ಹೇಳಿದಾಗ ಅಮ್ಮ ನಕ್ಕಳು. ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್ ಚುಚ್ಚಬೇಕೆಂದಾಗ ನಗು ನಿಂತಿತು. ಅಜ್ಜಿಗೆ ಹತ್ತು ವರ್ಷ ಚುಚ್ಚಿದ ಕೈ ಅವಳದು. ‘ಈ ಮೂಕಪ್ರಾಣಿಗೆ ನನ್ನಿಂದಾಗಲ್ಲ ಕಣೋ, ಮೂಗಿಗೆ ಹಿಡಿಯೋ ಔಷಧಿ ಏನಾದ್ರೂ ಇದೆಯಾ ನೋಡು’ ಎಂದಳು. ವೈದ್ಯಕೀಯದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ, ಅವಳ ಆಸೆಗೆ ನೂರು ವರ್ಷ ವಯಸ್ಸಾಗಿದೆ ಎಂಬುದು ಗೊತ್ತಿತ್ತು.

ಈ ಕಥೆ ಶುರುವಾಗುವುದೇ ಪ್ರಾಣಿಗಳಿಂದ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅಂಥ ನಾಯಿಗಳ ಮೇಲೆಯೇ ಗ್ರಂಥಿಯ ಸಾರವನ್ನು ಪರೀಕ್ಷಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಶುದ್ಧವಾಗಿರದೆ ಕೀವುಗಟ್ಟಿತು. ಹನ್ನೆರಡು ದಿನಗಳ ನಂತರ, ಕಾಲಿಪ್ ಶುದ್ಧೀಕರಿಸಿದ ಸಾರ ಅವನನ್ನು ಉಳಿಸಿತು.

ಬದುಕು ಸಿಕ್ಕಿತು, ಜೊತೆಗೆ ಸೂಜಿಯೂ ಬಂತು. ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ಹಾಗಾಗಿ 1920ರ ದಶಕದಲ್ಲೇ ಜರ್ಮನಿಯಲ್ಲಿ ಅದನ್ನು ಉಸಿರಿನ ಮೂಲಕ ಕೊಡಲು ಯತ್ನಿಸಿದರು. ಪುಪ್ಪುಸದ ತೆಳು ಪೊರೆ ದಾಟಿದರೆ ರಕ್ತಕ್ಕೆ ದಾರಿ. 2006ರಲ್ಲಿ ಫೈಜರ್‌ನ ‘ಎಕ್ಸ್ಯುಬೆರಾ’ ಬಂತು. ಕೊಳ್ಳುವವರಿಲ್ಲದೆ ಮರುವರ್ಷವೇ ಕಂಪನಿ ಕೈಬಿಟ್ಟಿತು. 2014ರಲ್ಲಿ ‘ಅಫ್ರೆಝಾ’ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಬೆಕ್ಕುಗಳ ಸರದಿಯೂ ಬಂದಿತ್ತು. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಉಸಿರಿನ ಮೂಲಕ ಕೊಟ್ಟ ಇನ್ಸುಲಿನ್ ಆರೋಗ್ಯವಂತ ಬೆಕ್ಕುಗಳ ರಕ್ತದ ಸಕ್ಕರೆಯನ್ನು ಇಳಿಸಿತು. ಅದನ್ನು ಓದಿದ ರಾತ್ರಿ ಅಮ್ಮನಿಗೆ ಹೇಳಿಯೇಬಿಡೋಣವೆನಿಸಿತು. ಆದರೆ ಆರೋಗ್ಯವಂತ ಬೆಕ್ಕು ಬೇರೆ, ಚುಕ್ಕಿ ಬೇರೆ. ಮನುಷ್ಯನಿಗೆ ‘ಆಳವಾಗಿ ಉಸಿರೆಳೆದುಕೋ’ ಎನ್ನಬಹುದು; ಬೆಕ್ಕಿಗೆ ಹೇಳುವವರು ಯಾರು? ಎಷ್ಟು ಒಳಗೆ ಹೋಯಿತೆಂದು ತಿಳಿಯದಿದ್ದರೆ ಸಕ್ಕರೆ ವಿಪರೀತ ಇಳಿದು ಜೀವಕ್ಕೇ ಅಪಾಯ. ಹೆದರಿದ ಬೆಕ್ಕಿನ ಸಕ್ಕರೆ ತಾನಾಗಿಯೇ ಏರುತ್ತದೆ, ಅದೂ ಒಂದು ತೊಡಕು. ಕೆಲವು ಬೆಕ್ಕುಗಳಿಗೆ ಈಗ ಅಮೆರಿಕದಲ್ಲಿ ಬಾಯಿಗೆ ಹಾಕುವ ಔಷಧಿಗಳಿವೆ. ಆದರೆ ಅವು ಇನ್ಸುಲಿನ್ ಅಲ್ಲ.

ಬೆಕ್ಕಿನ ಇನ್ಸುಲಿನ್‌ಗೂ ಹಸುವಿನದಕ್ಕೂ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ದಶಕಗಳ ಕಾಲ ಮನುಷ್ಯರು ಬದುಕಿದ್ದೂ ದನ-ಹಂದಿಗಳ ಇನ್ಸುಲಿನ್‌ನಿಂದಲೇ. ನಾವು ಬರೆಯುವ ಇತಿಹಾಸದಲ್ಲಿ ನೊಬೆಲ್ ಪಡೆದವರ ಹೆಸರಿರುತ್ತದೆ, ಆ ನಾಯಿಗಳಿಗೆ, ದನಗಳಿಗೆ ಅಡಿಟಿಪ್ಪಣಿಯಲ್ಲೂ ಜಾಗ ಕಡಿಮೆ. ನನ್ನ ಪ್ರಬಂಧದ ಕರಡಿನಲ್ಲೂ ಹಾಗೇ ಇತ್ತು.

‘ಸೂಜಿಯೇ ಗತಿ’ ಎಂದು ಅಮ್ಮನಿಗೆ ಹೇಳಿದೆ. ಅವಳು ಸುಮ್ಮನಿದ್ದಳು. ಮರುದಿನ ಬೆಳಿಗ್ಗೆ ತಟ್ಟೆಗೆ ಊಟ ಹಾಕಿ, ಚುಕ್ಕಿ ತಿನ್ನುತ್ತಿರುವಾಗ ಬೆನ್ನಿನ ಸಡಿಲ ಚರ್ಮ ಎತ್ತಿ ಚುಚ್ಚಿದಳು. ಚುಕ್ಕಿ ತಲೆಯೆತ್ತಲಿಲ್ಲ. ‘ನಿಮ್ಮಜ್ಜಿಗಿಂತ ಇವಳೇ ವಾಸಿ’ ಎಂದಳು ಅಮ್ಮ, ಕಣ್ಣೊರೆಸಿಕೊಂಡು.