ಬರಗಾಲದ ಸಂಹಿತೆಯಿಂದ ವಿಪತ್ತು ಕಾಯ್ದೆಯವರೆಗೆ: ಮರೋಳ ಸೀಮೆ ಕಂಡ ಆಪತ್ತು ನಿರ್ವಹಣಾ ನೀತಿಯ ಚರಿತ್ರೆ

ಪ್ರವೇಶ

ದೇಶದ ಆಂತರಿಕ ಭದ್ರತೆ ಎಂದೊಡನೆ ಪೊಲೀಸು, ಅರೆಸೇನಾ ಪಡೆ, ಗಲಭೆ, ಸ್ಫೋಟ ಇವೇ ಚರ್ಚೆಗೆ ಬರುತ್ತವೆ. ಹುನಗುಂದ–ಇಳಕಲ್ ಸೀಮೆಯ ಮರೋಳದಂಥ ಊರುಗಳಿಗೆ ಭದ್ರತೆಯ ಮಾತು ಶುರುವಾಗುವುದು ಮಳೆಯಿಂದ. ಬಾಗಲಕೋಟೆ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ 600 ಮಿ.ಮೀ. ಮುಟ್ಟುವುದಿಲ್ಲ. ಎರಿ ಹೊಲದ ಬಿಳಿಜೋಳ, ಕಡಲೆ ಹಿಂಗಾರಿಯ ಹಸಿಯನ್ನೇ ನಂಬಿಕೊಂಡಿವೆ. ಅದೇ ಸೀಮೆಯಲ್ಲಿ, ಕೂಡಲಸಂಗಮದ ಬಳಿ, ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಪಶ್ಚಿಮ ಘಟ್ಟದಲ್ಲಿ ಮಳೆ ಹೆಚ್ಚಾದರೆ, ತಮ್ಮೂರಲ್ಲಿ ಹನಿ ಬೀಳದಿದ್ದರೂ ಹೊಳೆಸಾಲಿನವರು ಮನೆ ಬಿಡಬೇಕಾಗುತ್ತದೆ. ಹೀಗೆ ಬರ ಮತ್ತು ನೆರೆ ಎರಡನ್ನೂ ಉಂಡ ನೆಲವಿದು.

ಕಳೆದ ಸುಮಾರು 150 ವರ್ಷಗಳಲ್ಲಿ ಸರ್ಕಾರಗಳು ಇಂಥ ಆಪತ್ತುಗಳಿಗೆ ರೂಪಿಸಿದ ನೀತಿಯನ್ನು ಈ ಸೀಮೆಯಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ. ಇದರ ವಾದ ಇಷ್ಟು: ಪ್ರತಿ ದೊಡ್ಡ ಅನಾಹುತದ ನಂತರ ಕಾನೂನು ಬೆಳೆದಿದೆ, ಆದರೆ ಅನಾಹುತಕ್ಕೆ ಮುಂಚಿನ ಸಿದ್ಧತೆಯ ಹಣ ಮತ್ತು ಅಧಿಕಾರ ಹಳ್ಳಿಯ ಕೈಗೆ ಬಂದಿಲ್ಲ.

1. ಹಗೇವು ಮತ್ತು 1876ರ ಬರ

ಕಾನೂನಿಗೂ ಮೊದಲು ಈ ಸೀಮೆಗೆ ತನ್ನದೇ ಸಿದ್ಧತೆ ಇತ್ತು. ಅದರ ಮುಖ್ಯ ರೂಪ ಹಗೇವು. ನೀರು ನಿಲ್ಲದ ಎತ್ತರದ ಜಾಗ ನೋಡಿ ನೆಲದೊಳಗೆ ಆಳವಾದ ಕಣಜ ತೋಡುತ್ತಿದ್ದರು. ತಳಕ್ಕೂ ಗೋಡೆಗೂ ಒಣಹುಲ್ಲು, ಜೋಳದ ಕಣಿಕೆ ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ಕಾಳು ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿತ್ತು. ಹಗೇವು ತೆರೆದ ಕೂಡಲೇ ಒಳಗಿಳಿದರೆ ಉಸಿರುಗಟ್ಟಿ ಸಾಯುವ ಅಪಾಯವಿತ್ತು. ಅದಕ್ಕೇ ಬಾಯಿ ತೆರೆದಿಟ್ಟು, ಗಾಳಿಯಾಡಿದ ಮೇಲೆ ಇಳಿಯುವುದು ರೂಢಿ. ಒಂದೆರಡು ವರ್ಷದ ಮಳೆ ಕೈಕೊಟ್ಟರೂ ಕುಳವಾಡಿ ಮನೆತನಗಳು ತಡೆದುಕೊಳ್ಳುತ್ತಿದ್ದುದು ಇದರ ಬಲದಿಂದ. ಹಗೇವು ಇಲ್ಲದ ಕೂಲಿಕಾರರಿಗೆ, ನೇಕಾರರಿಗೆ ಆ ಆಸರೆ ಇರಲಿಲ್ಲ.

1876–78ರ ಬರ ಈ ವ್ಯವಸ್ಥೆಯನ್ನು ಮುರಿಯಿತು. ಆಗ ಹುನಗುಂದ, ಬಾದಾಮಿ, ಬಾಗಲಕೋಟೆಗಳು ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರ ಜನಗಣತಿಯಲ್ಲಿ ಸುಮಾರು 8.16 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6.38 ಲಕ್ಷಕ್ಕೆ ಇಳಿಯಿತು. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರು ಇಲ್ಲವೇ ಊರು ಬಿಟ್ಟರು. ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಸೂಚಿಸಿದ ಪರಿಹಾರ ಕೂಲಿ, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ. ಇದರ ವಿರುದ್ಧ ಮುಂಬೈ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಕೂಲಿಕಾರರು ಕೆಲಸ ನಿಲ್ಲಿಸಿದರು. ಪುಣೆಯ 'ಸಾರ್ವಜನಿಕ ಸಭಾ' ಎಂಬ ಸಂಸ್ಥೆ ಅವರ ಬೆನ್ನಿಗೆ ನಿಂತಿತು. ಬರ ಪರಿಹಾರ ರಾಜಕೀಯ ಹಕ್ಕಿನ ಪ್ರಶ್ನೆಯಾಗಲು ತೊಡಗಿದ್ದು ಅಲ್ಲಿಂದ.

2. ಬರಗಾಲ ಸಂಹಿತೆ: ಯಾರು, ಯಾವಾಗ, ಏನು

ಸರ್ ರಿಚರ್ಡ್ ಸ್ಟ್ರಾಚಿ ಅಧ್ಯಕ್ಷತೆಯ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ 1883ರಲ್ಲಿ ಮಾದರಿ ಬರಗಾಲ ಸಂಹಿತೆ ಬಂತು, ಪ್ರಾಂತ್ಯಗಳು ತಮ್ಮ ಸಂಹಿತೆಗಳನ್ನು ರಚಿಸಿಕೊಂಡವು. ಅವುಗಳ ಪ್ರಕಾರ, ಬರದ ಲಕ್ಷಣ ಕಂಡ ಕೂಡಲೇ ಕೆಳಹಂತದ ಅಧಿಕಾರಿಗಳು ಮೇಲಕ್ಕೆ ವರದಿ ಕಳಿಸಬೇಕು. ಮೊದಲು ಪರೀಕ್ಷಾ ಕಾಮಗಾರಿ ತೆರೆಯಬೇಕು. ಜನ ಹೆಚ್ಚಾಗಿ ಬಂದರೆ ದೊಡ್ಡ ಪರಿಹಾರ ಕಾಮಗಾರಿ ಆರಂಭಿಸಬೇಕು. ದುಡಿಯಲಾರದವರಿಗೆ ಊರಲ್ಲೇ ಪುಕ್ಕಟೆ ನೆರವು ಕೊಡಬೇಕು. ಸಂಹಿತೆಯ ಉದ್ದೇಶದಲ್ಲಿ ಖಜಾನೆಯ ಉಳಿತಾಯಕ್ಕೆ ದೊಡ್ಡ ಪಾಲಿತ್ತು, ಕೂಲಿ ಹೊಟ್ಟೆಗೆ ಸಾಲದಷ್ಟಿತ್ತು. ಆದರೂ ಯಾವ ಹಂತದಲ್ಲಿ ಯಾರು ಏನು ಮಾಡಬೇಕೆಂದು ಬರೆದಿಟ್ಟದ್ದು ಅದರ ಗಟ್ಟಿತನ. ಇಂದಿನ ಆಪತ್ತು ಯೋಜನೆಗಳು ಅದರಿಂದ ಕಲಿಯಬೇಕಾದದ್ದೂ ಇದನ್ನೇ.

ಬರದ ಅನುಭವ ನೆಲದ ಮೇಲೂ ಗುರುತು ಬಿಟ್ಟಿತು. 1884ರಲ್ಲಿ ಹೊಟಗಿ–ಗದಗ ರೈಲು ಮಾರ್ಗ ತೆರೆದು, ಧಾನ್ಯ ಸಾಗಿಸಲು ದಾರಿಯಾಯಿತು. ಬಾಗಲಕೋಟೆ ಸಮೀಪದ ಮುಚಖಂಡಿ ಕೆರೆಯೂ ಅದೇ ದಶಕದ ಕೆಲಸ. ಮುಂದೆ 1942ರಲ್ಲಿ ಮುಂಬೈ ಪ್ರಾಂತ್ಯ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದು, ಹೊಲಗಳಿಗೆ ಒಡ್ಡು ಹಾಕುವುದನ್ನು ಸರ್ಕಾರಿ ಕಾರ್ಯಕ್ರಮವಾಗಿಸಿತು. ಬರದ ಕೂಲಿಯಿಂದಲೇ ಮುಂದಿನ ಬರವನ್ನು ತಡೆಯುವ ಒಡ್ಡು ಏಳಬಹುದೆಂಬ ಈ ದೃಷ್ಟಿ ದೂರದರ್ಶಿಯಾದದ್ದು.

3. ಸ್ವಾತಂತ್ರ್ಯಾನಂತರ: ಎರಡು ದಾರಿ

ಹಿಂದಿನ ಕಲಾದಗಿ ಜಿಲ್ಲೆಯೇ ಆದ ವಿಜಾಪುರ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಅದರಿಂದ ಬಾಗಲಕೋಟೆ ಜಿಲ್ಲೆ ಬೇರೆಯಾಯಿತು. ಈ ಅವಧಿಯಲ್ಲಿ ಭದ್ರತೆಯ ನೀತಿ ಎರಡು ಕವಲಾಯಿತು. ಬರ, ನೆರೆಗಳು ಕಂದಾಯ ಮತ್ತು ಕೃಷಿ ಇಲಾಖೆಗಳ ಕಡತಕ್ಕೆ ಹೋದವು. 1962ರ ಚೀನಾ ಯುದ್ಧದ ನಂತರ ಬಲಗೊಂಡ ನಾಗರಿಕ ರಕ್ಷಣೆ ಗೃಹ ಇಲಾಖೆಯ ಪಾಲಾಯಿತು. 1968ರಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆ ಬಂತು. ಅದರ ಗಮನವಿದ್ದದ್ದು ಶತ್ರು ದಾಳಿಗೆ ಗುರಿಯಾಗಬಹುದಾದ ನಗರ, ಬಂದರು, ಸ್ಥಾವರಗಳ ಮೇಲೆ. 2009ರ ತಿದ್ದುಪಡಿ ವಿಪತ್ತು ನಿರ್ವಹಣೆಯನ್ನೂ ಅದರ ವ್ಯಾಪ್ತಿಗೆ ತಂದಿತು, ಆದರೆ ಭೂಪಟ ಹೆಚ್ಚು ಬದಲಾಗಲಿಲ್ಲ. 2025ರ ಮೇ 7ರಂದು ದೇಶದಾದ್ಯಂತ ಅಣಕು ಕಾರ್ಯಾಚರಣೆಗೆ ಕರೆ ಬಂದಾಗ ಕರ್ನಾಟಕದಿಂದ ಗುರುತಿಸಿದ್ದು ಬೆಂಗಳೂರು, ಕಾರವಾರ, ರಾಯಚೂರುಗಳನ್ನು. ಮಲಪ್ರಭೆಯ ದಂಡೆ ಆ ಪಟ್ಟಿಯಲ್ಲಿ ಇರಲಿಲ್ಲ.

1999ರ ಒಡಿಶಾ ಮಹಾ ಚಂಡಮಾರುತ, 2001ರ ಭುಜ್ ಭೂಕಂಪಗಳ ನಂತರ, 2002ರಲ್ಲಿ ವಿಪತ್ತು ನಿರ್ವಹಣೆ ಕೇಂದ್ರದ ಕೃಷಿ ಸಚಿವಾಲಯದಿಂದ ಗೃಹ ಸಚಿವಾಲಯಕ್ಕೆ ದಾಟಿತು. ಬರ ಮಾತ್ರ ಕೃಷಿ ಸಚಿವಾಲಯದಲ್ಲೇ ಉಳಿಯಿತು. ಹಠಾತ್ತನೆ ಬರುವ ಆಪತ್ತಿಗೆ ಒಂದು ಸಚಿವಾಲಯ, ನಿಧಾನವಾಗಿ ಕೊಲ್ಲುವ ಆಪತ್ತಿಗೆ ಇನ್ನೊಂದು. ಎರಡನ್ನೂ ಒಂದೇ ವರ್ಷದಲ್ಲಿ ಅನುಭವಿಸುವ ಸೀಮೆಗೆ ಈ ವಿಭಜನೆ ಒಗ್ಗುವುದಿಲ್ಲ.

4. 2005ರ ಎರಡು ಕಾಯ್ದೆ

2005ರಲ್ಲಿ ಸಂಸತ್ತು ಎರಡು ಕಾಯ್ದೆಗಳನ್ನು ಅಂಗೀಕರಿಸಿತು. ಒಂದು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ. ಬರಗಾಲದ ಪರಿಹಾರ ಕಾಮಗಾರಿ ಅಲ್ಲಿ ಕೂಲಿಕಾರನ ಹಕ್ಕಾಯಿತು. ಇನ್ನೊಂದು ವಿಪತ್ತು ನಿರ್ವಹಣಾ ಕಾಯ್ದೆ. ಪ್ರಧಾನಿ, ಮುಖ್ಯಮಂತ್ರಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಮೂರು ಹಂತದ ಪ್ರಾಧಿಕಾರಗಳು ಇದರಿಂದ ಹುಟ್ಟಿದವು. 2006ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎನ್‌ಡಿಆರ್‌ಎಫ್ ಬಂತು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಪತ್ತು ನಿರ್ವಹಣೆ ಎಂಬ ವಿಷಯವೇ ಇಲ್ಲದ ಕಾರಣ, ಈ ಕಾಯ್ದೆಯನ್ನು ಸಮವರ್ತಿ ಪಟ್ಟಿಯ 23ನೇ ನಮೂದಿನ ಅಡಿ, ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ತರಲಾಯಿತು. ಕಾನೂನಿನ ಬೇರು ಸಾಮಾಜಿಕ ಭದ್ರತೆಯಲ್ಲಿದೆ, ಆಡಳಿತ ಗೃಹ ಸಚಿವಾಲಯದಲ್ಲಿದೆ. ಎರಡು ಕಾಯ್ದೆಗಳೂ ಒಂದೇ ಹಳ್ಳಿಯ ಒಂದೇ ಕಷ್ಟಕ್ಕೆ ಹುಟ್ಟಿದವು. ಜಾರಿಯಲ್ಲಿ ಒಂದನ್ನೊಂದು ಭೇಟಿಯಾಗಲಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಮುಂದಿತ್ತು ಎಂಬುದನ್ನೂ ಹೇಳಲೇಬೇಕು. 1988ರಲ್ಲೇ ರಾಜ್ಯ ಬರ ಪರಿವೀಕ್ಷಣಾ ಘಟಕ ತೆರೆದಿತ್ತು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟಕ್ಕೂ ಸ್ವಯಂಚಾಲಿತ ಮಳೆಮಾಪಕಗಳನ್ನು ಒಯ್ದಿತು. ರೈತ ಫೋನ್ ಮಾಡಿ ಮಳೆಯ ಮುನ್ಸೂಚನೆ ಕೇಳಬಹುದಾದ 'ವರುಣ ಮಿತ್ರ' ಸಹಾಯವಾಣಿ ಇದರದ್ದೇ ಸೇವೆ. ಮಾಹಿತಿ ಹಳ್ಳಿಗೆ ಇಳಿಯಿತು. ಅದರಂತೆ ನಿರ್ಧರಿಸುವ ಅಧಿಕಾರ ಇಳಿಯಲಿಲ್ಲ.

5. ನೆರೆ, ಆಸರೆ ಮತ್ತು ಹಣದ ಲೆಕ್ಕ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕ ಮುಳುಗಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ದಾನಿಗಳ ನೆರವಿನಿಂದ 'ಆಸರೆ' ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಹೊಸ ಊರುಗಳು ಎದ್ದವು. ಎಷ್ಟೋ ಕಡೆ ಜನ ಹಳೆಯ ಊರಿಗೇ ಮರಳಿದರು. ಮನೆ ಮೇಲಕ್ಕೆ ಹೋಗಿತ್ತು, ಹೊಲ ಕೆಳಗೇ ಉಳಿದಿತ್ತು. ದನ ಕಟ್ಟಲು, ಕಣಿಕೆ ಒಟ್ಟಲು ಜಾಗವಿಲ್ಲದ ಮನೆ ಒಕ್ಕಲಿಗನಿಗೆ ಸಾಲುವುದಿಲ್ಲ.

2019 ಈ ಸೀಮೆಯ ಇಬ್ಬಗೆಯ ಸಂಕಟವನ್ನು ಸ್ಪಷ್ಟವಾಗಿ ತೋರಿಸಿತು. ಹಿಂದಿನ ವರ್ಷ ರಾಜ್ಯ ಸರ್ಕಾರ ಮುಂಗಾರಿಗೆ 100, ಹಿಂಗಾರಿಗೆ 156 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೆ ನೀರು ನುಗ್ಗಿತು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಬಂದ ಮೇಲೆ ಕೆಳಗಿನ ಪಾತ್ರ ವರ್ಷಗಟ್ಟಲೆ ಒಣಗಿ ನಿಂತಿತ್ತು. ಅದರಲ್ಲಿ ಸಾಗುವಳಿ ನಡೆಯಿತು, ಜಾಲಿ ಬೆಳೆಯಿತು. ಗೇಟು ತೆರೆದಾಗ ಹರಿಯಲು ದಾರಿ ಸಾಲದೆ ನೀರು ಊರು ಹೊಕ್ಕಿತು. ಹೊಳೆಯ ಪಾತ್ರ ತೆರವು ಮಾಡುವುದು ಬೇಸಿಗೆಯ ಕೆಲಸ. ಆಗ ಯಾವ ಸ್ಪಂದನಾ ಪಡೆಯೂ ಬರುವುದಿಲ್ಲ.

ರಾಜ್ಯ ಆ ವರ್ಷದ ನಷ್ಟವನ್ನು 35,000 ಕೋಟಿ ರೂಪಾಯಿಗೂ ಮಿಗಿಲು ಎಂದು ಅಂದಾಜಿಸಿತು. ಅಕ್ಟೋಬರ್‌ನಲ್ಲಿ ಕೇಂದ್ರದಿಂದ ಬಂದ ಮಧ್ಯಂತರ ನೆರವು 1,200 ಕೋಟಿ. 2023ರಲ್ಲಿ 236ರ ಪೈಕಿ 223 ತಾಲ್ಲೂಕುಗಳು ಬರಕ್ಕೆ ತುತ್ತಾದವು. ರಾಜ್ಯ ಸುಮಾರು 18,171 ಕೋಟಿ ಕೇಳಿ, ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಹಿಂಗಾರಿಯೂ ಮುಗಿದು, ಜನ ಗೋವಾ, ಮಂಗಳೂರಿನ ಕಡೆ ಗುಳೆ ಹೋದ ಮೇಲೆ ಬಂದ ಹಣವದು.

15ನೇ ಹಣಕಾಸು ಆಯೋಗ ರಾಜ್ಯಗಳ ಆಪತ್ತು ನಿಧಿಯಲ್ಲಿ ಶೇ. 20ನ್ನು ಅಪಾಯ ತಗ್ಗಿಸುವ ಕೆಲಸಕ್ಕೆ ಮೀಸಲಿಟ್ಟಿತು. ಇದು ಒಳ್ಳೆಯ ಹೆಜ್ಜೆ. ಪೂರ್ವಸಿದ್ಧತೆ ಮತ್ತು ಸಾಮರ್ಥ್ಯ ಬೆಳೆಸಲು ಸಿಕ್ಕಿದ್ದು ಶೇ. 10 ಮಾತ್ರ. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ರಾಜಧಾನಿಗಳಿಗೆ, ಮಹಾನಗರ ಪಾಲಿಕೆಗಳಿಗೆ ನಗರ ವಿಪತ್ತು ಪ್ರಾಧಿಕಾರ ಕೊಟ್ಟಿತು. ಗ್ರಾಮ ಪಂಚಾಯಿತಿಗೆ ಅಂಥದ್ದೇನೂ ಸಿಗಲಿಲ್ಲ.

6. ಮರೋಳದ ನೀರು

ಈ ಸೀಮೆಯ ಅತಿ ದೊಡ್ಡ ಬರ ನಿರೋಧಕ ಕೆಲಸ ಆಪತ್ತು ನಿಧಿಯಿಂದ ಆದದ್ದಲ್ಲ. ಕೃಷ್ಣಾ ಭಾಗ್ಯ ಜಲ ನಿಗಮದ ರಾಮಥಾಳ–ಮರೋಳ ಏತ ನೀರಾವರಿ ಯೋಜನೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಎರಡನೇ ಹಂತದಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡಲು ರೂಪುಗೊಂಡಿತು. ಕೊಳವೆ ಹೂಳುವುದು ಗುತ್ತಿಗೆಯ ಕೆಲಸ. ಅದನ್ನು ಇಪ್ಪತ್ತು ವರ್ಷ ಬಾಳಿಸುವುದು ಊರವರ ಸಂಘಟನೆಯ ಕೆಲಸ. ನೀರು ಬಳಕೆದಾರರ ಸಂಘಕ್ಕೆ ತರಬೇತಿ, ದುರಸ್ತಿಯ ಹಣ, ಸರದಿ ನಿರ್ಧರಿಸುವ ಅಧಿಕಾರ ಸಿಗದೆ ಹೋದರೆ ಯಾವ ತಂತ್ರಜ್ಞಾನವೂ ಬರ ತಡೆಯಲಾರದು.

ಉಪಸಂಹಾರ

ಬರಗಾಲ ಸಂಹಿತೆ ಹೊಣೆಯನ್ನು ಸ್ಪಷ್ಟವಾಗಿ ಹಂಚಿತು, ಆದರೆ ಹಸಿದವನನ್ನು ಅನುಮಾನದಿಂದ ನೋಡಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಅವನಿಗೆ ಗೌರವ ಕೊಟ್ಟಿತು, ಆದರೆ ಹೊಣೆಯನ್ನು ಜಿಲ್ಲಾ ಕಚೇರಿಯಲ್ಲೇ ನಿಲ್ಲಿಸಿತು. ಕಾಯ್ದೆಯ 41ನೇ ಕಲಂ ಸ್ಥಳೀಯ ಸಂಸ್ಥೆಗಳಿಗೆ ಕರ್ತವ್ಯಗಳನ್ನು ಹೇಳುತ್ತದೆ. ಆ ಕರ್ತವ್ಯಕ್ಕೆ ತಕ್ಕ ಹಣ ನೇರವಾಗಿ ಪಂಚಾಯಿತಿಗೆ ಬರಬೇಕು. ಬರ ಮತ್ತು ನೆರೆಗೆ ಒಂದೇ ಯೋಜನೆ ಇರಬೇಕು. ಮೇವು ಸಂಗ್ರಹ, ಹೊಳೆಪಾತ್ರದ ತೆರವು, ಒಡ್ಡುಗಳ ದುರಸ್ತಿ, ಮೊದಲು ಸ್ಥಳಾಂತರಿಸಬೇಕಾದ ವೃದ್ಧರು ಮತ್ತು ಬಾಣಂತಿಯರ ಪಟ್ಟಿ, ಇವೆಲ್ಲ ಮೇ ತಿಂಗಳೊಳಗೆ ಸಿದ್ಧವಾಗಬೇಕು. ಈ ಸೀಮೆಯ ಓದುಗರಲ್ಲಿ ಒಂದು ವಿನಂತಿ: ಮುಂದಿನ ಗ್ರಾಮ ಸಭೆಯಲ್ಲಿ ನಿಮ್ಮೂರಿನ ವಿಪತ್ತು ನಿರ್ವಹಣಾ ಯೋಜನೆಯನ್ನು ಓದಿ ಹೇಳಿರೆಂದು ಕೇಳಿ. ಇಲ್ಲವೆಂದರೆ ಅದೇ ಸಭೆಯಲ್ಲಿ ಬರೆಯಲು ಕೂರಿಸಿ.