ಹೋಟೆಲು ವಿದ್ಯೆಗೆ ಸರ್ಕಾರದ ಹಣ

ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಓದಿದ್ದು ಬಿ.ಎಸ್‌ಸಿ. ಆ ರಸಾಯನಶಾಸ್ತ್ರದಲ್ಲಿ ಇಂದು ನೆನಪಿರುವುದು ಅಷ್ಟಕ್ಕಷ್ಟೆ. ಆದರೆ ಅನುದಾನದ ಕಡತಗಳ ನಡುವೆ ಕಲಿತ ಒಂದು ಪಾಠವನ್ನು ಮಾತ್ರ ಮರೆತಿಲ್ಲ. ಯಾವುದೇ ವಿಷಯದಲ್ಲಿ ಸರ್ಕಾರದ ಮನಸ್ಸೇನೆಂದು ತಿಳಿಯಬೇಕಾದರೆ ಮಂತ್ರಿಗಳ ಭಾಷಣವನ್ನು ಓದಬೇಕಾಗಿಲ್ಲ. ಅದರ ಖರ್ಚು ಯಾವ ಲೆಕ್ಕದ ಶೀರ್ಷಿಕೆಯಲ್ಲಿ ಬೀಳುತ್ತದೆಂದು ನೋಡಿದರೆ ಸಾಕು.

ಈ ಪಾಠವನ್ನು ಹೋಟೆಲು ವಿದ್ಯೆಗೆ ಅನ್ವಯಿಸಿ ನೋಡುವ ಸಂದರ್ಭ ನಮಗೆ 2018ರಲ್ಲಿ ಬಂದೊದಗಿತು. ಒಂದು ಭಾನುವಾರ ಮಧ್ಯಾಹ್ನ ಮಯೂರ್ ವಿಹಾರದ ನಮ್ಮ ಮನೆಗೆ ಬೈಂದೂರು ಕಡೆಯ ಹುಡುಗನೊಬ್ಬ ಬಂದ. ವಯಸ್ಸು ಇಪ್ಪತ್ತು. ಎಸ್‌.ಎಸ್‌.ಎಲ್‌.ಸಿ. ಮುಗಿಸಿ, ದೂರದ ನೆಂಟರ ಕೈಹಿಡಿದು ದೆಹಲಿಗೆ ಬಂದು, ಯಮುನೆಯ ಈಚೆ ದಡದ ಒಂದು ದಕ್ಷಿಣ ಭಾರತೀಯ ಹೋಟೆಲಿನಲ್ಲಿ ಕ್ಲೀನರನಾಗಿ ಸೇರಿದವನು ಅಷ್ಟರಲ್ಲಿ ದೋಸೆಯ ಕಾವಲಿಗೆ ಬಡ್ತಿ ಪಡೆದಿದ್ದ. ಊಟ, ಮಲಗುವ ಜಾಗ ಹೋಟೆಲಿನದೇ; ಕೈಗೆ ತಿಂಗಳಿಗೆ ಹತ್ತು ಸಾವಿರ. "ಅಣ್ಣಯ್ಯ, ನಂಗೆ ಕೆಲ್ಸ ಬತ್ತ್, ಕಾಗ್ದ ಇಲ್ಲೆ" ಎಂದ. ದೊಡ್ಡ ಹೋಟೆಲಿನಲ್ಲಿ ಕೇಳಿದರೆ ಸರ್ಟಿಫಿಕೇಟ್ ಎಲ್ಲಿ ಎನ್ನುತ್ತಾರಂತೆ. ಸರ್ಕಾರ ಪುಕ್ಕಟೆ ಕಲಿಸುತ್ತದಂತಲ್ಲ, ಅರ್ಜಿ ತುಂಬಿಕೊಡಿ ಎಂಬುದು ಅವನ ಬೇಡಿಕೆ. ಸರ್ಕಾರಿ ನೌಕರರಾದ ನಮಗೆ ಎಲ್ಲವೂ ಗೊತ್ತಿರುತ್ತದೆಂಬುದು ಊರಿನವರ ನಂಬಿಕೆ. ನಮಗೆ ಏನೂ ಗೊತ್ತಿರಲಿಲ್ಲ. ಹುಡುಕುತ್ತ ಹೋದಂತೆ ಇದಕ್ಕೊಂದು ಚರಿತ್ರೆಯೇ ಇರುವುದು ಕಂಡಿತು.

ಮೊದಲು ನಮ್ಮವರ ಮಾತು. ಉಡುಪಿ ಹೋಟೆಲು ಎಂಬ ಹೆಸರು ಊರೂರಿಗೆ ಹಬ್ಬಿದ್ದು ಯಾವ ಸರ್ಕಾರದ ಕಾಸಿನಿಂದಲೂ ಅಲ್ಲ. ಕಡಂದಲೆಯ ಕೃಷ್ಣರಾಯರು ಪಾತ್ರೆ ತೊಳೆಯುವ ಕೆಲಸದಿಂದ ಮೇಲೆ ಬಂದು ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮೈಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದೇ ಮುಂದೆ ಎಂ.ಟಿ.ಆರ್. ಆಯಿತು. ಆ ಮನೆತನದ ಯಜ್ಞನಾರಾಯಣ ಮೈಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದು, ತಮ್ಮಲ್ಲಿ ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಕ್ರಮವನ್ನು ತಂದರು. ಕಲಿಯುವ ಹಾದಿ ಎಲ್ಲರಿಗೂ ಒಂದೇ: ಮೇಜು ಒರೆಸುವುದು, ಸಪ್ಲೈ ಮಾಡುವುದು, ಒಲೆಯ ಮುಂದೆ ನಿಲ್ಲುವುದು, ಗಲ್ಲದಲ್ಲಿ ಕೂರುವುದು, ಅದೃಷ್ಟವಿದ್ದರೆ ಸ್ವಂತದ್ದು ಮಾಡುವುದು. ಶುಲ್ಕವಿಲ್ಲ, ಪರೀಕ್ಷೆಯಿಲ್ಲ. ಮೇಲೇರಿದವರ ಹೆಸರು ನಮಗೆ ಗೊತ್ತು. ಮೇಜು ಒರೆಸುವುದರಲ್ಲೇ ತಲೆ ನರೆತವರ ಹೆಸರು ಯಾರಿಗೂ ಗೊತ್ತಿಲ್ಲ.

ಮುಂಬಯಿಯ ನಮ್ಮ ಬಂಧುಗಳು ಈ ಎರಡನೆಯವರಿಗಾಗಿ ಒಂದು ದೊಡ್ಡ ಕೆಲಸ ಮಾಡಿದರು. ಮೊಗವೀರ, ಗುರುನಾರಾಯಣ ಮುಂತಾದ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಕುಳಿತು ಮೆಟ್ರಿಕ್ ಮುಗಿಸಿದರು. ಅವರಲ್ಲಿ ವಕೀಲರಾದವರು, ಬ್ಯಾಂಕು ಸೇರಿದವರು ಎಷ್ಟೋ ಮಂದಿ. ಆದರೆ ಒಂದನ್ನು ಗಮನಿಸಬೇಕು. ರಾತ್ರಿ ಶಾಲೆ ಹೋಟೆಲಿನಿಂದ ಹೊರಗೆ ಹೋಗುವ ಬಾಗಿಲಾಗಿತ್ತು. ಹೋಟೆಲಿನೊಳಗೇ ಮೇಲೇರುವ ಮೆಟ್ಟಿಲನ್ನು ಅದು ಕಟ್ಟಲಿಲ್ಲ. ಅದರ ಉದ್ದೇಶವೂ ಅದಾಗಿರಲಿಲ್ಲ.

ಇನ್ನು ಸರ್ಕಾರ ಈ ರಂಗಕ್ಕೆ ಕಾಲಿಟ್ಟದ್ದು ಹೇಗೆ? ನಮ್ಮ ಓದುಗರಲ್ಲಿ ಹೆಚ್ಚಿನವರು ಪ್ರವಾಸಿಗರಿಗಾಗಿ ಎಂದುಕೊಂಡಾರು. ನಾವೂ ಹಾಗೆಯೇ ತಿಳಿದಿದ್ದೆವು. ನಿಜವೆಂದರೆ ಅದು ಬಂದದ್ದು ಅಕ್ಕಿಯ ಬರದಿಂದ.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ಬೆಂಗಳೂರಿನಲ್ಲಿ ಅಕ್ಕಿಯ ಬದಲು ರವೆ ಹಾಕಿ ರವಾ ಇಡ್ಲಿ ಮಾಡಿದೆವೆಂದು ಎಂ.ಟಿ.ಆರ್.ನವರು ಹೇಳುತ್ತ ಬಂದಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೂ ಧಾನ್ಯದ ಅಭಾವ ತೀರಲಿಲ್ಲ. 1950ರಿಂದ 1952ರವರೆಗೆ ಆಹಾರ ಮಂತ್ರಿಗಳಾಗಿದ್ದವರು ಕೆ.ಎಂ. ಮುನ್ಷಿ. ಅವರ ಪತ್ನಿ ಲೀಲಾವತಿ ಮುನ್ಷಿಯವರ ನೇತೃತ್ವದ ಅಖಿಲ ಭಾರತ ಮಹಿಳಾ ಕೇಂದ್ರೀಯ ಆಹಾರ ಮಂಡಳಿಯು, ಅಕ್ಕಿ ಗೋಧಿಗಳಿಲ್ಲದ ತಿಂಡಿಗಳನ್ನು ಜನರಿಗೆ ರೂಢಿಮಾಡಿಸಲು 'ಅನ್ನಪೂರ್ಣಾ' ಎಂಬ ಉಪಾಹಾರ ಗೃಹಗಳನ್ನು ನಡೆಸಿತು. ಅದೇ ಮಂಡಳಿ 1954ರಲ್ಲಿ ಮುಂಬಯಿಯಲ್ಲಿ ಕೇಟರಿಂಗ್ ಕಾಲೇಜನ್ನು ತೆರೆಯಿತು. ನಮ್ಮ ದೇಶದ ಹೋಟೆಲು ಶಿಕ್ಷಣಕ್ಕೆ ಇದೇ ಮೂಲ. 1962ರಲ್ಲಿ ದೆಹಲಿಯ ಪೂಸಾದಲ್ಲಿ ಇಂಥದೇ ಸಂಸ್ಥೆ ಬಂದಿತು. ಆಗ ಇವುಗಳ ಹೊಣೆ ಆಹಾರ ಮತ್ತು ಕೃಷಿ ಸಚಿವಾಲಯದ್ದು. ಪೂಸಾ ಸಂಸ್ಥೆಯ ಫಲಕದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್, ಕೇಟರಿಂಗ್ ಎಂಬ ಮಾತುಗಳ ಜೊತೆಗೆ ನ್ಯೂಟ್ರಿಷನ್ ಎಂಬ ಮಾತು ಇಂದಿಗೂ ಉಳಿದಿರುವುದರ ಗುಟ್ಟು ಇದೇ. ಅಂದರೆ ಮೊದಲ ಲೆಕ್ಕದ ಶೀರ್ಷಿಕೆ ಧಾನ್ಯ.

ನಮ್ಮ ಬೆಂಗಳೂರಿಗೆ ಈ ವಿದ್ಯೆ ಬಂದದ್ದು 1969ರಲ್ಲಿ, ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ. ಹೆಸರೇ ಹೇಳುವಂತೆ ಅಲ್ಲಿ ಕಲಿಸುತ್ತಿದ್ದುದು ಕಸುಬು: ಅಡಿಗೆ, ಬೇಕರಿ, ಬಡಿಸುವುದು, ಕೋಣೆಗಳನ್ನು ಅಣಿಗೊಳಿಸುವುದು. ಮುಂದೆ 1980ರ ದಶಕದಲ್ಲಿ ಅದು ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಾಗಿ ದೊಡ್ಡದಾಯಿತು. ಶೇಷಾದ್ರಿ ರಸ್ತೆಯಲ್ಲಿ ಎಸ್.ಜೆ. ಪಾಲಿಟೆಕ್ನಿಕ್ಕಿನ ಆವರಣದಲ್ಲಿ ಈಗಲೂ ಅದನ್ನು ಕಾಣಬಹುದು.

ಅಷ್ಟರಲ್ಲಿ ಎರಡನೆಯ ಶೀರ್ಷಿಕೆ ಬಂದಾಗಿತ್ತು: ಅತಿಥಿ. ಯುನೆಸ್ಕೋ ಸಮ್ಮೇಳನಕ್ಕೆಂದು 1956ರಲ್ಲಿ ದೆಹಲಿಯಲ್ಲಿ ಅಶೋಕ ಹೋಟೆಲು ಎದ್ದಿತು. 1966ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ವಿದೇಶೀ ಪ್ರವಾಸಿಗರೆಂದರೆ ವಿದೇಶೀ ವಿನಿಮಯ ಎಂಬ ಅರಿವು ಬೆಳೆಯಿತು. 1982ರಲ್ಲಿ ದೆಹಲಿಯಲ್ಲಿ ಏಷ್ಯಾ ಕ್ರೀಡಾಕೂಟ. ಅದೇ ವರ್ಷ ದೇಶದ ಮೊದಲ ಪ್ರವಾಸೋದ್ಯಮ ನೀತಿ. ಅದೇ ವರ್ಷ ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು ಕೇಟರಿಂಗ್ ಟೆಕ್ನಾಲಜಿಯ ರಾಷ್ಟ್ರೀಯ ಮಂಡಳಿ. ಆ ದಶಕದ ಆರಂಭದಲ್ಲೇ ಸಂಸ್ಥೆಗಳು ಆಹಾರ ಇಲಾಖೆಯ ಕೈಯಿಂದ ಪ್ರವಾಸೋದ್ಯಮ ಇಲಾಖೆಯ ಕೈಗೆ ಬಂದವು. ಆ ರಾಷ್ಟ್ರೀಯ ಮಂಡಳಿಯ ಕಚೇರಿ ಈಗಿರುವುದು ನಮ್ಮ ನೆರೆಯಲ್ಲೇ. ಮಯೂರ್ ವಿಹಾರ್ ಒಂದನೇ ಹಂತದಲ್ಲಿ ನೀಲಿ ಮಾರ್ಗದ ಮೆಟ್ರೊ ಹತ್ತಿದರೆ ಗಾಡಿ ಬದಲಿಸದೆ ನೋಯ್ಡಾದ ಸೆಕ್ಟರ್ 62ರಲ್ಲಿ ಇಳಿಯಬಹುದು.

ಈ ಎರಡನೆಯ ಕಾಲದಲ್ಲಿ ವಿದ್ಯೆಯ ಅಂತಸ್ತು ಏರಿತು. ಮೂರು ವರ್ಷದ ಡಿಪ್ಲೊಮಾ, ಆಮೇಲೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಜೊತೆಗೂಡಿ ಬಿ.ಎಸ್‌ಸಿ. ಪದವಿ. ನಮ್ಮದೂ ಬಿ.ಎಸ್‌ಸಿ., ಅವರದೂ ಬಿ.ಎಸ್‌ಸಿ.; ವ್ಯತ್ಯಾಸವಿಷ್ಟೆ, ಅವರಿಗೆ ಸಾರು ಮಾಡಲು ಬರುತ್ತದೆ. ಮಣಿಪಾಲದಲ್ಲಿ ಖಾಸಗಿ ಹೋಟೆಲು ಕಂಪನಿಯ ಸಹಯೋಗದಿಂದ ಹೆಸರಾಂತ ಕಾಲೇಜು ಎದ್ದದ್ದೂ 1980ರ ದಶಕದಲ್ಲೇ. ಆ ಮೂಲಕ ಉಡುಪಿ ಹೋಟೆಲಿನ ನಾಡಿಗೇ ಹೋಟೆಲು ವಿದ್ಯೆಯ ಪದವಿ ಬಂದಿತು. ಇದೆಲ್ಲ ಸಂತೋಷವೇ. ಆದರೆ ಪದವಿಗೆ ಹನ್ನೆರಡನೇ ತರಗತಿ ಮುಗಿದಿರಬೇಕು, ಇಂಗ್ಲಿಷು ಬರಬೇಕು, ಪ್ರವೇಶ ಪರೀಕ್ಷೆ ಗೆಲ್ಲಬೇಕು, ಸರ್ಕಾರಿ ಸಂಸ್ಥೆಯಲ್ಲೂ ಲಕ್ಷಗಳ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಹೋಟೆಲಿನ ಹುಡುಗನಿಗೆ ಹೋಟೆಲು ಕಾಲೇಜೇ ದೂರವಾಯಿತು.

ಹೊರದೇಶಗಳಲ್ಲಿ ಹೇಗೆ? ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ 1893ರಲ್ಲಿ ಹೋಟೆಲು ಶಾಲೆ ತೆರೆದವರು ಅಲ್ಲಿಯ ಹೋಟೆಲು ಮಾಲಿಕರ ಸಂಘದವರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1922ರಲ್ಲಿ ಆರಂಭವಾದ ಹೋಟೆಲು ವಿಭಾಗದ ಹಿಂದೆಯೂ ಮಾಲಿಕರ ಸಂಘದ ಒತ್ತಾಸೆಯಿತ್ತು. ಕೆಲಸಗಾರನಿಗೆ ಕಲಿಸುವುದರಿಂದ ತಮಗೇ ಲಾಭವೆಂದು ಅಲ್ಲಿ ಮಾಲಿಕರು ಮೊದಲೇ ಕಂಡುಕೊಂಡಿದ್ದರು. ನಮ್ಮಲ್ಲಿ ಆ ಭಾರ ಬಹುಮಟ್ಟಿಗೆ ಸರ್ಕಾರದ ಮೇಲೆ ಬಿದ್ದಿತು.

ಮೂರನೆಯ ಶೀರ್ಷಿಕೆ ಬರಲು 2009 ಆಗಬೇಕಾಯಿತು. ಆ ಶೀರ್ಷಿಕೆ ಹುಡುಗ. ಪ್ರವಾಸೋದ್ಯಮ ಸಚಿವಾಲಯ 2009–10ರಲ್ಲಿ 'ಹುನರ್ ಸೇ ರೋಜ್‌ಗಾರ್ ತಕ್' ಎಂಬ ಯೋಜನೆಯನ್ನು ತಂದಿತು. ಕೌಶಲದಿಂದ ಉದ್ಯೋಗದವರೆಗೆ ಎಂದು ಅರ್ಥ. ಎಂಟನೇ ತರಗತಿ ಮುಗಿಸಿದ್ದರೆ ಸಾಕು. ವಯಸ್ಸು 18ರಿಂದ 25. ಮುಂದೆ ಅದನ್ನು 28ಕ್ಕೆ ಏರಿಸಿದರು. ಅಡಿಗೆ ಕಲಿಯಲು ಎಂಟು ವಾರ, ಬಡಿಸುವುದನ್ನು ಕಲಿಯಲು ಆರು ವಾರ. ಕಲಿಕೆ ಉಚಿತ, ಮೇಲೆ ಕ್ರಮವಾಗಿ 2,000 ಮತ್ತು 1,500 ರೂಪಾಯಿ ಭತ್ಯೆ. ಸರ್ಕಾರಿ ಸಂಸ್ಥೆಗಳ ಜೊತೆಗೆ ಸ್ಟಾರ್ ಹೋಟೆಲುಗಳಿಗೂ ಕಲಿಸುವ ಹೊಣೆ ಬಂದಿತು. ಮರುವರ್ಷ ಕಾಮನ್‌ವೆಲ್ತ್ ಕ್ರೀಡಾಕೂಟ. ಅದರ ಕ್ರೀಡಾಗ್ರಾಮ ಎದ್ದದ್ದು ನಮ್ಮ ಮಯೂರ್ ವಿಹಾರದ ಮಗ್ಗುಲಲ್ಲೇ, ಅಕ್ಷರಧಾಮದ ಬಳಿ.

ಇದನ್ನು ಓದಿ ನಾವು ಹಿಗ್ಗಿದೆವು. ಮರುಭಾನುವಾರ ಹುಡುಗ ಬಂದಾಗ ಎಂಟು ವಾರದ ತರಬೇತಿಯ ವಿಷಯ ಹೇಳಿದೆವು. ಅವನು ಬೆರಳೆಣಿಸಿದ. ಎರಡು ತಿಂಗಳ ಸಂಬಳ ಇಪ್ಪತ್ತು ಸಾವಿರ ಹೋಗುತ್ತದೆ. ಕೆಲಸ ಬಿಟ್ಟರೆ ಊಟ, ಮಲಗುವ ಜಾಗವೂ ಹೋಗುತ್ತದೆ. ಬರುವುದು ಎರಡು ಸಾವಿರ. ಊರಿನಲ್ಲಿ ಅಮ್ಮನಿಗೆ ತಿಂಗಳಿಗೆ ಐದು ಸಾವಿರ ಕಳಿಸಲೇಬೇಕು. ಹತ್ತನೇ ತರಗತಿ ಮುಗಿಸಿದವರಿಗೆ ಒಂದೂವರೆ ವರ್ಷದ ಅಡಿಗೆಯ ಕೋರ್ಸು ಕೂಡ ಇದೆ ಎಂದು ನಾವು ಹೇಳಲು ಹೊರಟವರು ಅಲ್ಲಿಗೇ ನಿಲ್ಲಿಸಿದೆವು.

ಬಿ.ಎಸ್‌ಸಿ. ಓದಿದ ನಮಗೆ ಹೊಳೆಯದಿದ್ದುದು ದೋಸೆಯ ಹುಡುಗನ ಬೆರಳೆಣಿಕೆಯಲ್ಲಿತ್ತು. ಸರ್ಕಾರ ಕಟ್ಟಡಕ್ಕೆ ಕೊಟ್ಟಿದೆ, ಉಪಾಧ್ಯಾಯರಿಗೆ ಕೊಟ್ಟಿದೆ, ಒಲೆಗೆ ಪಾತ್ರೆಗೆ ಕೊಟ್ಟಿದೆ. ಬಡವನ ಕಲಿಕೆಗೆ ತಗಲುವ ನಿಜವಾದ ಖರ್ಚು ಇವು ಯಾವುವೂ ಅಲ್ಲ. ಅವನು ಕಲಿಯುವ ದಿನಗಳಲ್ಲಿ ಕಳೆದುಕೊಳ್ಳುವ ಕೂಲಿ. ಅದಕ್ಕೆ ಶೀರ್ಷಿಕೆಯೇ ಇಲ್ಲ.

ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ಅದೇ ಯೋಜನೆಯಡಿ, ಈಗಾಗಲೇ ಕೆಲಸದಲ್ಲಿರುವವರಿಗೆ ಆರು ದಿನದ ಕಾರ್ಯಕ್ರಮವೊಂದಿತ್ತು. ಐದು ದಿನ ತಿದ್ದುವುದು, ಆರನೆಯ ದಿನ ಪರೀಕ್ಷೆ, ಗೆದ್ದವರಿಗೆ ಪ್ರಮಾಣಪತ್ರ. ಕೂಲಿ ಹೋಗುತ್ತದೆಂದು ದಿನಕ್ಕೆ 300 ರೂಪಾಯಿಯಂತೆ ಪರಿಹಾರ. ಮೊತ್ತ ಸಣ್ಣದು, ತತ್ತ್ವ ದೊಡ್ಡದು. 2016ರ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯದೂ ಇದೇ ಜಾತಿ: ದುಡಿಯುತ್ತ ಕಲಿಯುವವನ ಭತ್ಯೆಯಲ್ಲಿ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ವಹಿಸಿಕೊಂಡಿತು.

ಆ ಆರು ದಿನಕ್ಕೆ ಹುಡುಗನ ಅರ್ಜಿ ತುಂಬಿದೆವು. ಮಾಲಿಕರು ಮೊದಲು ಒಪ್ಪಲಿಲ್ಲ. ನವರಾತ್ರಿಯಲ್ಲಿ ಗಿರಾಕಿ ಕಡಿಮೆಯಾದಾಗ ಬಿಟ್ಟರು. ಪರೀಕ್ಷೆ ಗೆದ್ದ. ಪ್ರಮಾಣಪತ್ರ ಮಾತ್ರ ಒಂದು ವರ್ಷಕ್ಕೂ ಮೀರಿ ತಡವಾಗಿ ನಮ್ಮ ವಿಳಾಸಕ್ಕೆ ಬಂದಿತು. ಅಷ್ಟರಲ್ಲಿ 2020ರ ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿ ಅವನು ಊರು ಸೇರಿದ್ದ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಟ್ಟೆವು. ಈಗ ಕುಂದಾಪುರದ ಹೋಟೆಲೊಂದರಲ್ಲಿ ಅಡಿಗೆಗಿದ್ದಾನೆ. ಅಲ್ಲಿ ಯಾರೂ ಆ ಕಾಗದ ಕೇಳಲಿಲ್ಲವಂತೆ. ಆದರೂ ಅವನಮ್ಮ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾರಂತೆ.

ಬಂಧುಗಳೆ, ನಮ್ಮ ಸದಸ್ಯರಲ್ಲಿ ಹೋಟೆಲು ಮಾಲಿಕರಿದ್ದಾರೆ, ನಮ್ಮಂಥ ಗುಮಾಸ್ತರೂ ಇದ್ದಾರೆ. ಮಾಲಿಕರು ವರ್ಷಕ್ಕೆ ಒಬ್ಬ ಹುಡುಗನಿಗೆ ಸಂಬಳಸಹಿತ ರಜೆ ಕೊಟ್ಟು ಕಲಿಯಲು ಕಳಿಸಲಿ. ಅರ್ಜಿ ತುಂಬುವ ವಿದ್ಯೆಯೊಂದನ್ನಾದರೂ ಬಲ್ಲ ನಾವು, ತಿಂಗಳ ಮೊದಲ ಭಾನುವಾರ ಸಂಘದ ಮೇಜಿನ ಬಳಿ ಒಂದು ಗಂಟೆ ಕೂರಲು ಸಿದ್ಧರಿದ್ದೇವೆ. ಮುಂಬಯಿಯವರು ರಾತ್ರಿ ಶಾಲೆ ಕಟ್ಟಿದಾಗ ಅವರ ಕೈಯಲ್ಲಿದ್ದುದೂ ಇದಕ್ಕಿಂತ ಬಹಳ ಹೆಚ್ಚಿರಲಾರದು.