ಬ್ಯಾಟರಿಗೊಂದು ಕಾವಲು: ಕೆಮ್ಮಣ್ಣುಗುಂಡಿ ಸೀಮೆಯ ಸೋಲಾರ್ ಚರಿತ್ರೆ

ಸೋಲಾರ್ ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಪುಟ್ಟ ಪೆಟ್ಟಿಗೆಗೆ ಚಾರ್ಜ್ ಕಂಟ್ರೋಲರ್ ಎಂದು ಹೆಸರು. ಬ್ಯಾಟರಿ ತುಂಬಿದ ಮೇಲೆ ಪ್ಯಾನಲ್ಲಿನಿಂದ ಬರುವ ಕರೆಂಟನ್ನು ಅದು ತಡೆಯುತ್ತದೆ. ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ಮನೆಯ ದೀಪಗಳನ್ನು ಆರಿಸುತ್ತದೆ. ಕೆಲಸ ಇಷ್ಟೇ. ಆದರೆ ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯ ಸುತ್ತಲೂ, ಅದರ ಮೂಡಲಿಗಿರುವ ಕಡೂರು ಅಜ್ಜಂಪುರದ ಬಯಲಲ್ಲೂ ಬ್ಯಾಟರಿ ಸಾಯುವ ಬಗೆ ಒಂದೇ ಅಲ್ಲ. ಬಯಲಿನ ಬಿಸಿಲಲ್ಲಿ ಅದು ಅತಿಯಾಗಿ ಉಂಡು ಸಾಯುತ್ತದೆ, ಗುಡ್ಡದ ಮಳೆಯಲ್ಲಿ ಹಸಿದು ಸಾಯುತ್ತದೆ. ಕೈಯಲ್ಲೇ ಬೆಸೆದ ಕಂಟ್ರೋಲರುಗಳ ಚರಿತ್ರೆ ಈ ಎರಡು ಸಾವುಗಳನ್ನು ತಪ್ಪಿಸಲು ಹೆಣಗಿದ ಚರಿತ್ರೆ.

ಕೆಮ್ಮಣ್ಣುಗುಂಡಿ ತರೀಕೆರೆ ತಾಲ್ಲೂಕಿನಲ್ಲಿ 1,434 ಮೀಟರ್ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ನೆನಪಿಗೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಇದಕ್ಕಿದೆ. ಇಲ್ಲಿನ ಕೆಮ್ಮಣ್ಣು ಕಬ್ಬಿಣದ ಅದಿರು. 1923ರಲ್ಲಿ ಶುರುವಾದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಈ ಗುಡ್ಡದ ಅದಿರು ಇಳಿದು ಹೋಗುತ್ತಿತ್ತು. ಕಾರ್ಖಾನೆ ಮೊದಮೊದಲು ಮಲೆನಾಡಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಲ್ಲಿ ಅದಿರು ಕರಗಿಸಿತು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ಮುಂದಿನ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಹೀಗೆ ಗುಡ್ಡದ ಮಣ್ಣು ಕರಗಿಸಲು ಕರೆಂಟು ಬೇಗ ಸಿಕ್ಕಿತು, ಗುಡ್ಡದ ಮಗ್ಗುಲಿನ ಎಷ್ಟೋ ಮನೆಗಳಿಗೆ ಅದು ತಲುಪಲು ಇನ್ನೂ ಹಲವು ದಶಕ ಹಿಡಿಯಿತು.

ಇದಕ್ಕೆ ಸರ್ಕಾರದ ಉದಾಸೀನವನ್ನಷ್ಟೇ ದೂರಿದರೆ ಅರ್ಧ ಸತ್ಯವಾದೀತು. ಬಯಲುಸೀಮೆಯಲ್ಲಿ ಮನೆಗಳು ಊರಾಗಿ ಒತ್ತೊತ್ತಿಗೆ ಕೂತಿರುತ್ತವೆ, ಒಂದು ಟ್ರಾನ್ಸ್‌ಫಾರ್ಮರ್ ಇಟ್ಟರೆ ಊರಿಗೆಲ್ಲ ಬೆಳಕು. ಮಲೆನಾಡಿನಲ್ಲಿ ತೋಟಕ್ಕೊಂದು ಮನೆ, ಮನೆಗೂ ಮನೆಗೂ ನಡುವೆ ಹಳ್ಳ, ಕಾಡು, ಏರು. ಒಂದೇ ಮನೆಗೆ ಹತ್ತಾರು ಕಂಬ ನೆಡಬೇಕು. ನೆಟ್ಟ ಮೇಲೂ ಆಷಾಢದ ಗಾಳಿಗೆ ಮರ ಮುರಿದು ತಂತಿಯ ಮೇಲೆ ಬಿದ್ದರೆ ವಾರಗಟ್ಟಲೆ ಕತ್ತಲೆ.

ಆದ್ದರಿಂದ ಇಲ್ಲಿ ಪ್ಯಾನಲ್ಲಿಗಿಂತ ಮೊದಲು ಬಂದದ್ದು ಬ್ಯಾಟರಿ. ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಸಿಡ್ ಬ್ಯಾಟರಿ ಮಲೆನಾಡಿಗೆ ಬಂದದ್ದು ಲಾರಿ, ಜೀಪುಗಳ ಹೊಟ್ಟೆಯಲ್ಲಿ. ಹಳೆಯ ಜೀಪಿನ ಬ್ಯಾಟರಿಯಿಂದ ರೇಡಿಯೊ, ಆಮೇಲೆ 12 ವೋಲ್ಟಿನ ಕಪ್ಪು-ಬಿಳುಪು ಟಿ.ವಿ. ನಡೆಯಿತು. ಬರಿದಾದಾಗ ಅದನ್ನು ಪೇಟೆಗೆ ಹೊತ್ತೊಯ್ದು ಚಾರ್ಜಿಗೆ ಬಿಟ್ಟು, ಮರುದಿನ ತರಬೇಕು. ಅಂಗಡಿಯವನು ಸೆಲ್ಲಿನ ಮುಚ್ಚಳ ಬಿಚ್ಚಿ ಹೈಡ್ರೋಮೀಟರ್ ಅದ್ದಿ, ಆಸಿಡ್ಡಿನ ಸಾಂದ್ರತೆ 1250ರ ಹತ್ತಿರ ಬಂದಿತೆಂದರೆ ಚಾರ್ಜ್ ಬಿಡಿಸುತ್ತಿದ್ದ. ಒಂದರ್ಥದಲ್ಲಿ ಈ ಸೀಮೆಯ ಮೊದಲ ಚಾರ್ಜ್ ಕಂಟ್ರೋಲರ್ ಅವನೇ. ಅವನ ಕಣ್ಣಳತೆಗೆ ಸಿಗದ ತೊಂದರೆ ಒಂದಿತ್ತು. ವಾಹನದ ಬ್ಯಾಟರಿಯ ತೆಳು ಪ್ಲೇಟುಗಳು ಎಂಜಿನ್ ಚಾಲೂ ಮಾಡುವ ಕ್ಷಣಕ್ಕಾಗಿ ಮಾಡಿದಂಥವು. ದಿನವೂ ತಳದವರೆಗೆ ಖಾಲಿ ಮಾಡಿದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬೇಗನೆ ಕೆಡುತ್ತದೆ.

ಸಿಲಿಕಾನ್ ಸೌರಕೋಶ 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಬಿಸಿಲಿನ ಸುಮಾರು ಶೇಕಡಾ 6ರಷ್ಟನ್ನು ಅದು ಕರೆಂಟು ಮಾಡುತ್ತಿತ್ತು. ಭಾರತದಲ್ಲಿ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1970ರ ದಶಕದಲ್ಲಿ ಸೌರಕೋಶ ಮಾಡುವ ಕೆಲಸಕ್ಕೆ ಕೈಹಾಕಿತು. 1989ರಲ್ಲಿ ಟಾಟಾ ಬಿ.ಪಿ. ಸೋಲಾರ್ ಕಂಪನಿ ಬೆಂಗಳೂರಿನಲ್ಲಿ ಆರಂಭವಾಯಿತು. ಆದರೆ ಮಲೆನಾಡಿನ ಮನೆಗೆ ಪ್ಯಾನಲ್ ಬರಲು ತಂತ್ರಜ್ಞಾನಕ್ಕಿಂತ ಸಾಲ ಹೆಚ್ಚು ಮುಖ್ಯವಾಯಿತು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸ್ಥಾಪಿಸಿದ ಸೆಲ್ಕೊ, ದೀಪದ ವ್ಯವಸ್ಥೆಯನ್ನು ಕಂತಿನ ಸಾಲದ ಜೊತೆ ಜೋಡಿಸಿ ಕರಾವಳಿ ಮತ್ತು ಮಲೆನಾಡಿನ ಮನೆಗಳಿಗೆ ಮುಟ್ಟಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸೋಲಾರ್ ಸಾಲ ಕೊಡತೊಡಗಿದವು. ಅಡಕೆ ಮಾರಿದ ಹಣ ಬರುವ ಕಾಲಕ್ಕೆ ಕಂತು ಕೂಡಿಬಂದರೆ ಮಾತ್ರ ತೋಟದವನಿಗೆ ಸಾಲ ಹೊರೆಯಾಗದು ಎಂಬುದು ಈ ಸಾಲದ ವ್ಯವಹಾರದಲ್ಲಿ ಬ್ಯಾಂಕುಗಳು ಕಲಿತ ಪಾಠ.

ಕೊಂಡ ವ್ಯವಸ್ಥೆಯಲ್ಲಿ ಕಂಟ್ರೋಲರ್ ಜೊತೆಗೇ ಬರುತ್ತಿತ್ತು. ಅದು ಸಿಡಿಲಿಗೆ ಸುಟ್ಟಾಗ, ಅಥವಾ ಪ್ಯಾನಲ್ ಮಾತ್ರ ಅಗ್ಗಕ್ಕೆ ಸಿಕ್ಕಾಗ, ಮನೆಯಲ್ಲೇ ಮಾಡಿಕೊಳ್ಳುವ ಯೋಚನೆ ಹುಟ್ಟುತ್ತದೆ. ಇದಕ್ಕೆ ಬೇಕಾದ ಬಿಡಿಭಾಗಗಳು ಸೋಲಾರಿಗೆಂದು ಹುಟ್ಟಿದವಲ್ಲ. 1967ರಲ್ಲಿ ಬಂದ 723, 1972ರಲ್ಲಿ ಬಂದ 555 ಟೈಮರ್, 1976ರ ಎಲ್‌ಎಂ 317, ಇವೆಲ್ಲ ಸಾಮಾನ್ಯ ಪವರ್ ಸಪ್ಲೈ ಮತ್ತು ಟೈಮರುಗಳ ಐಸಿಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಇವು ಬಿಡಿಬಿಡಿಯಾಗಿ ಸಿಗುತ್ತವೆ. ರಾಜ್ಯದ ರೇಡಿಯೊ ರಿಪೇರಿಯವರೂ ಎಂಜಿನಿಯರಿಂಗ್ ಹುಡುಗರೂ ಅಲ್ಲಿಗೇ ಎಡತಾಕುವುದು. 1969ರಿಂದ ಬರುತ್ತಿರುವ ಎಲೆಕ್ಟ್ರಾನಿಕ್ಸ್ ಫಾರ್ ಯು ಪತ್ರಿಕೆಯಂಥವು ಸರ್ಕ್ಯೂಟುಗಳನ್ನು ಊರೂರಿಗೆ ಮುಟ್ಟಿಸಿದವು.

ಲೆಕ್ಕ ಸರಳ. 36 ಸೆಲ್ಲುಗಳ ಪ್ಯಾನಲ್ ಒಳ್ಳೆಯ ಬಿಸಿಲಿನಲ್ಲಿ ಏನನ್ನೂ ಜೋಡಿಸದಿದ್ದರೆ 21 ವೋಲ್ಟ್ ತೋರಿಸುತ್ತದೆ, ಪೂರ್ಣ ಕೆಲಸ ಮಾಡುವಾಗ 17ರ ಹತ್ತಿರ. 12 ವೋಲ್ಟಿನ ಸೀಸದ ಬ್ಯಾಟರಿ ತುಂಬಿ ಸುಧಾರಿಸಿಕೊಂಡಾಗ 12.7, ಅರ್ಧವಾದಾಗ 12.2, ಬರಿದಾಗುವಾಗ 11.8ರ ಆಸುಪಾಸು. ಚಾರ್ಜ್ ಆಗುತ್ತಿರುವಾಗ 14.4 ಮುಟ್ಟಿತೆಂದರೆ ಒಳಗಿನ ನೀರು ಒಡೆದು ಗುಳ್ಳೆಯೇಳುತ್ತದೆ. ಆ ಅನಿಲದಲ್ಲಿ ಹೈಡ್ರೋಜನ್ ಇರುವುದರಿಂದ ಬ್ಯಾಟರಿಯನ್ನು ಒಲೆಯ ಬಳಿ, ಮುಚ್ಚಿದ ಕಪಾಟಿನಲ್ಲಿ ಇಡುವುದು ಅಪಾಯ. ಮನೆಯ ಕಂಟ್ರೋಲರಿನಲ್ಲಿ ಜೀನರ್ ಡಯೋಡ್ ಒಂದು ಕದಲದ ವೋಲ್ಟೇಜನ್ನು ಹಿಡಿದು ನಿಲ್ಲುತ್ತದೆ. ಬ್ಯಾಟರಿಯ ವೋಲ್ಟೇಜನ್ನು ಎರಡು ರೆಸಿಸ್ಟರುಗಳಲ್ಲಿ ಹಂಚಿ ಎಲ್‌ಎಂ 358ರಂಥ ಐಸಿ ಅದರೊಡನೆ ಹೋಲಿಸಿ ನೋಡುತ್ತದೆ. 14.4ಕ್ಕೆ ಪ್ಯಾನಲ್ ಬಿಡಿಸಬೇಕು. ಮತ್ತೆ ಕೂಡಿಸಬೇಕಾದದ್ದು 13.5ಕ್ಕೆ ಇಳಿದ ಮೇಲೆ. ಈ ಅಂತರ ಇಡದಿದ್ದರೆ ಪ್ಯಾನಲ್ಲನ್ನು ಬಿಡಿಸಿ ಕೂಡಿಸುವ ರಿಲೇ ಕಟಕಟ ಎಂದು ಬಡಿದುಕೊಳ್ಳುತ್ತ ಒಂದೇ ದಿನದಲ್ಲಿ ತನ್ನ ಕಾಂಟ್ಯಾಕ್ಟ್ ಸುಟ್ಟುಕೊಳ್ಳುತ್ತದೆ. ಮೊದಲ ಸಲ ಕಟ್ಟುವವರು ಹೆಚ್ಚಾಗಿ ಎಡವುವುದು ಇಲ್ಲೇ.

ರಾತ್ರಿ ಬ್ಯಾಟರಿಯ ಕರೆಂಟು ಪ್ಯಾನಲ್ಲಿಗೆ ಹಿಂದಕ್ಕೆ ಹರಿಯದಂತೆ ನಡುವೆ ಡಯೋಡ್ ಬೇಕು. ಮಾಮೂಲಿ ಡಯೋಡ್ 0.7 ವೋಲ್ಟ್ ತಿಂದರೆ ಶಾಟ್ಕಿ ಡಯೋಡ್ 0.4 ತಿನ್ನುತ್ತದೆ. ರಿಲೇ ಬದಲು ಐಆರ್‌ಎಫ್‌ಝಡ್ 44ರಂಥ ಮಾಸ್‌ಫೆಟ್ ಹಾಕಿದರೆ 5 ಆಂಪಿಯರ್ ಹರಿದರೂ ಅದರಲ್ಲಿ ನಷ್ಟವಾಗುವುದು ವೋಲ್ಟಿನ ಹತ್ತನೇ ಒಂದು ಭಾಗ. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರದಲ್ಲೇ ಇರಬೇಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್, ಬಿಚ್ಚುವಾಗ ತಿರುವುಮುರುವು. ಬ್ಯಾಟರಿ ಇಲ್ಲದೆ ಪ್ಯಾನಲ್ ಕೂಡಿಸಿದರೆ 21 ವೋಲ್ಟ್ ನೇರವಾಗಿ ಬಲ್ಬಿನ ಮೇಲೆ ಬೀಳಬಹುದು.

ಕಡೂರಿನ ಬಯಲಲ್ಲಿ ಇಷ್ಟಿದ್ದರೆ ಬಹುತೇಕ ಸಾಕು. ಅಲ್ಲಿ ವರ್ಷದ ಹೆಚ್ಚು ದಿನ ಬಿಸಿಲು, ಮಧ್ಯಾಹ್ನಕ್ಕೇ ಬ್ಯಾಟರಿ ತುಂಬುತ್ತದೆ. ಕಂಟ್ರೋಲರ್ ತಡೆಯದಿದ್ದರೆ ಡಿಸ್ಟಿಲ್ಡ್ ವಾಟರ್ ಹೊಯ್ದು ಪೂರೈಸದು. ಕೆಮ್ಮಣ್ಣುಗುಂಡಿಯ ಬದಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಮಂಜು, ಮಳೆ. ಪ್ಯಾನಲ್ ದಿನವಿಡೀ ಕೊಡುವುದು ಚೂರುಪಾರು. ಆಗ 14.4ರ ಕಟ್-ಆಫ್ ವಾರಗಟ್ಟಲೆ ಕೆಲಸಕ್ಕೇ ಬಾರದು, 11 ವೋಲ್ಟಿನ ಮೇಲೆಯೇ ದೀಪ ಆರಿಸುವ ಕೆಳಗಿನ ಕಟ್-ಆಫ್ ಬ್ಯಾಟರಿಯ ಜೀವ ಉಳಿಸುತ್ತದೆ. ಆದರೆ ಕತ್ತಲೆಯ ರಾತ್ರಿ ಆರಿದ ದೀಪವನ್ನು ಮನೆಯವರು ಒಪ್ಪುವುದು ಕಷ್ಟ. ಕಂಟ್ರೋಲರನ್ನು ಬದಿಗಿಟ್ಟು ಬ್ಯಾಟರಿಯಿಂದಲೇ ಬಲ್ಬಿಗೆ ನೇರ ತಂತಿ ಎಳೆಯುವುದುಂಟು. ಆ ವಾರ ಬೆಳಕು ಸಿಗುತ್ತದೆ, ಮುಂದಿನ ವರ್ಷಕ್ಕೆ ಬ್ಯಾಟರಿ ಇರುವುದಿಲ್ಲ.

ಮಳೆಗಾಲದ ಜಿಪುಣತನ ಸರ್ಕ್ಯೂಟಿನ ಒಳಗೂ ಬೇಕು. 12 ವೋಲ್ಟಿನ ಸಣ್ಣ ರಿಲೇಯ ಕಾಯಿಲ್ ಸುಮಾರು 30 ಮಿಲಿ ಆಂಪಿಯರ್ ಎಳೆಯುತ್ತದೆ. ದಿನವಿಡೀ ಎಳೆದರೆ 0.7 ಆಂಪಿಯರ್-ಗಂಟೆ, 40 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಎರಡು ತಿಂಗಳಲ್ಲಿ ಕಾವಲುಗಾರನೇ ತಿಂದು ಮುಗಿಸಲು ಅಷ್ಟು ಸಾಕು. ಪಳಗಿದ ಕೈ ಪ್ಯಾನಲ್ಲಿನ ದಾರಿಯನ್ನು ರಿಲೇ ಸುಮ್ಮನಿದ್ದಾಗ ಕೂಡಿಯೇ ಇರುವ ಕಾಂಟ್ಯಾಕ್ಟಿನ ಮೂಲಕ ಒಯ್ಯುತ್ತದೆ. ಆಗ ಬ್ಯಾಟರಿ ತುಂಬಿ ಮಿಕ್ಕಿದಾಗ ಮಾತ್ರ ಕಾಯಿಲ್ ಕರೆಂಟು ಕುಡಿಯುತ್ತದೆ. ಚಳಿಯ ಲೆಕ್ಕ ಇನ್ನೊಂದು. ಸೀಸದ ಬ್ಯಾಟರಿಗೆ ಚಳಿಯಲ್ಲಿ ತುಸು ಹೆಚ್ಚು ವೋಲ್ಟೇಜ್ ಬೇಕು, ಸೆಲ್ಲಿಗೆ, ಡಿಗ್ರಿಗೆ 3ರಿಂದ 5 ಮಿಲಿವೋಲ್ಟ್. 25 ಡಿಗ್ರಿಗೆ 14.4 ಎಂದಿಟ್ಟ ಮಿತಿ 15 ಡಿಗ್ರಿಯ ಗುಡ್ಡದಲ್ಲಿ 14.6ರಿಂದ 14.7ರಷ್ಟಿರಬೇಕು. ತಣ್ಣಗಾದಂತೆ ಸಿಲಿಕಾನ್ ಡಯೋಡಿನ ವೋಲ್ಟೇಜ್ ಡಿಗ್ರಿಗೆ 2 ಮಿಲಿವೋಲ್ಟಿನಂತೆ ಏರುವುದರಿಂದ, ಜೀನರಿನ ಜೊತೆಗೆ ಕೆಲವು ಡಯೋಡುಗಳನ್ನು ಸೇರಿಸಿ ಬ್ಯಾಟರಿಯ ಮೈಗೆ ಅಂಟಿಸುವುದು ಹಳೆಯ, ಅಗ್ಗದ, ಜಾಣ ಉಪಾಯ.

ಸೂರ್ಯ ಕೈಕೊಡುವ ತಿಂಗಳುಗಳಲ್ಲೇ ಮಲೆನಾಡಿನ ಹಳ್ಳಗಳು ತುಂಬಿ ಹರಿಯುತ್ತವೆ. ಪೈಪಿನಲ್ಲಿ ನೀರಿಳಿಸಿ 1 ಕಿಲೋವಾಟಿನ ಆಚೀಚೆ ಕರೆಂಟು ತೆಗೆಯುವ ಪುಟ್ಟ ಟರ್ಬೈನುಗಳು ಪಶ್ಚಿಮ ಘಟ್ಟದ ತೋಟಗಳಲ್ಲಿ ಹರಡಿದ್ದು ಹೀಗೆ. ಇಲ್ಲಿ ಸೋಲಾರಿನ ಕಂಟ್ರೋಲರ್ ಉಪಯೋಗಕ್ಕಿಲ್ಲ, ಅಪಾಯವೂ ಹೌದು. ಪ್ಯಾನಲ್ಲನ್ನು ಬಿಡಿಸಿದರೆ ಅದು ಬಿಸಿಲಿಗೆ ಸುಮ್ಮನೆ ಮಲಗಿರುತ್ತದೆ. ಓಡುತ್ತಿರುವ ಟರ್ಬೈನಿನ ಹೊರೆ ಕಳಚಿದರೆ ಅದು ಹುಚ್ಚೆದ್ದು ತಿರುಗಿ ವೋಲ್ಟೇಜ್ ಏರಿಸಿ ತನ್ನನ್ನೇ ಹಾಳುಮಾಡಿಕೊಳ್ಳುತ್ತದೆ. ಆದ್ದರಿಂದ ಹಳ್ಳದ ಕರೆಂಟಿನ ಕಂಟ್ರೋಲರ್ ಹೆಚ್ಚುವರಿಯನ್ನು ಹೀಟರ್ ಕಾಯಿಲ್ ಕಡೆಗೆ ತಿರುಗಿಸುತ್ತದೆ. ಕಾಯಿಲನ್ನು ನೀರಿನಲ್ಲಿಟ್ಟರೆ ಬಚ್ಚಲಿಗೆ ಬಿಸಿನೀರು, ಮಳೆಗಾಲದ ಮಲೆನಾಡಿಗೆ ಇದೇನೂ ಸಣ್ಣ ಲಾಭವಲ್ಲ.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಕತ್ತರಿಸಿ ಕೊಡುವ ಪಿಡಬ್ಲ್ಯುಎಂ ಬಂತು. 1968ರಲ್ಲಿ ಉಪಗ್ರಹಗಳಿಗಾಗಿ ವಿವರಿಸಿದ ಎಂಪಿಪಿಟಿ ವಿಧಾನ ಪ್ಯಾನಲ್ಲಿನ 17 ವೋಲ್ಟನ್ನು ಬ್ಯಾಟರಿಯ 13ಕ್ಕೆ ಇಳಿಸುವಾಗ ಮಿಕ್ಕ ವೋಲ್ಟೇಜನ್ನು ಹೆಚ್ಚುವರಿ ಆಂಪಿಯರ್ ಮಾಡಿಕೊಡುತ್ತದೆ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡಿನಿಂದ ಇದನ್ನೂ ಮನೆಯಲ್ಲೇ ಕಟ್ಟಬಹುದಾಯಿತು. ಆದರೂ ಪಾಚಿ ಹಿಡಿದ, ಮರದ ನೆರಳಿನ ಪ್ಯಾನಲ್ಲಿಗೆ ಎಂಪಿಪಿಟಿ ಕಟ್ಟುವ ಬದಲು ಅದೇ ಹಣಕ್ಕೆ ಇನ್ನೊಂದು ಪ್ಯಾನಲ್ ಕೊಳ್ಳುವುದೇ ಮೇಲು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಚಳಿಯ ತಿದ್ದುಪಡಿ ಬೇಡ, ಅರ್ಧ ತುಂಬಿಯೇ ಇದ್ದರೂ ಸಲ್ಫೇಟ್ ಭಯವಿಲ್ಲ. ಆದರೆ ಅದಕ್ಕೆ ಸೀಸದ ಬ್ಯಾಟರಿಗೆಂದು ಮಾಡಿದ ಹಳೆಯ ಕಂಟ್ರೋಲರ್ ಹಾಗೆಯೇ ಹೊಂದುವುದಿಲ್ಲ.

ಈ ನಡುವೆ ಮನೆಗಳೂ ಬದಲಾದವು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಕಾಡು ಬಿಟ್ಟು ಹೊರಬಂದವು; ಬಹಳಷ್ಟು ಮಂದಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆ ಸಿಕ್ಕಿತು. ಈ ಸೀಮೆಯ ವಿದ್ಯುತ್ ವಿತರಣೆ ಈಗ 2002ರಲ್ಲಿ ರೂಪುಗೊಂಡ ಮೆಸ್ಕಾಂ ಕಂಪನಿಯ ಕೈಯಲ್ಲಿದೆ. ತಂತಿ ಬಂದ ಮನೆಗಳಲ್ಲೂ ಮಳೆಗಾಲಕ್ಕೆಂದು ಬ್ಯಾಟರಿ ಇನ್ವರ್ಟರ್ ಜೊತೆ ಉಳಿದುಕೊಂಡಿದೆ. ತಂತಿಯ ಹಂಗಿಲ್ಲದ 12 ವೋಲ್ಟಿನ ಬ್ಯಾಟರಿ ಮನೆಯಿಂದ ತೋಟದ ಅಂಚಿಗೆ ಹೋಗಿದೆ, ಆನೆ ಹಂದಿ ತಡೆಯುವ ಸೋಲಾರ್ ಬೇಲಿಗೆ. ಜನ ಐಬೆಕ್ಸ್ ಬೇಲಿ ಎಂದು ಕರೆಯುವ ಇದರ ಪೆಟ್ಟಿಗೆ ಸುಮಾರು ಸೆಕೆಂಡಿಗೊಂದು ಸಲ ಸಾವಿರಾರು ವೋಲ್ಟಿನ ಚಿಕ್ಕ ಹೊಡೆತ ಕೊಡುತ್ತದೆ. ಬ್ಯಾಟರಿ ಕಾಯುವ ಸರ್ಕ್ಯೂಟ್ ಕಂಪನಿಯಿಂದಲೇ ಸಿದ್ಧವಾಗಿ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಪ್ಯಾನಲ್ಲಿನ ಪಾಚಿ ಒರೆಸಿ, ಬ್ಯಾಟರಿಯ ತುದಿಗಳಿಗೆ ವ್ಯಾಸಲಿನ್ ಸವರುವ ಕೆಲಸ ಮಾತ್ರ ತೋಟದವರದು.